ಲೆಕ್ಕಪತ್ರದ ಕೆಲಸಕ್ಕೆ ಎಐ ಲ್ಯಾಪ್‌ಟಾಪ್ ಬೇಕೇ? ಅದು ಪರದೆಯ ಚಿತ್ರಗಳನ್ನು ಕೂಡಿಡುತ್ತದೆ ಎನ್ನುವುದು ನಿಜವೇ?

ಬೇಕಿಲ್ಲ. ಚಿತ್ರ ಕೂಡಿಡುವುದು ನಿಜ, ಆದರೆ ಎಲ್ಲ ಯಂತ್ರಗಳಲ್ಲೂ ಅಲ್ಲ, ನಿಮ್ಮ ಒಪ್ಪಿಗೆಯಿಲ್ಲದೆಯೂ ಅಲ್ಲ. ನಾನೂ ಪರರ ತೆರಿಗೆ ವಿವರ ಸಲ್ಲಿಸಿಕೊಡುವ ಕೆಲಸದವನು. ಯಂತ್ರ ಬದಲಿಸುವಾಗ ಇದೇ ಗೊಂದಲದಲ್ಲಿದ್ದೆ.

ಅಂಗಡಿಯಲ್ಲಿ ‘ಎಐ’ ಎಂದು ಚೀಟಿ ಅಂಟಿಸಿದ್ದೆಲ್ಲ ಒಂದೇ ಬಗೆಯದಲ್ಲ. ಮೈಕ್ರೋಸಾಫ್ಟ್ ‘ಕೋಪೈಲಟ್ ಪ್ಲಸ್’ ಎಂದು ಕರೆಯಬೇಕಾದರೆ 16 ಜಿಬಿ ರ್‍ಯಾಮ್, 256 ಜಿಬಿ ಸಂಗ್ರಹ, ಜೊತೆಗೆ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡಬಲ್ಲ ಎನ್‌ಪಿಯು ಎಂಬ, ಎಐ ಕೆಲಸಕ್ಕೆಂದೇ ಮೀಸಲಾದ ಪ್ರತ್ಯೇಕ ಘಟಕ ಇರಬೇಕು. ಇಂಟೆಲ್‌ನ ಮೊದಲ ಕೋರ್ ಅಲ್ಟ್ರಾ ಚಿಪ್‌ಗಳಲ್ಲಿ ಆ ಘಟಕದ ಶಕ್ತಿ ಸುಮಾರು 11 ಲಕ್ಷ ಕೋಟಿ ಮಾತ್ರ. ಅವೂ ಎಐ ಹೆಸರಿನಲ್ಲೇ ಮಾರಾಟವಾದವು. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಗೆ ಈ ಘಟಕದಿಂದ ಏನೂ ಪ್ರಯೋಜನವಿಲ್ಲ. ಬ್ರೌಸರಿನಲ್ಲಿ ಚಾಟ್‌ಜಿಪಿಟಿಯನ್ನು ಕೇಳಲೂ ಅದು ಬೇಡ, ಏಕೆಂದರೆ ಅಲ್ಲಿ ಕೆಲಸ ನಡೆಯುವುದು ಕಂಪನಿಯ ಸರ್ವರ್‌ಗಳಲ್ಲಿ. ಹಣವನ್ನು 16 ಜಿಬಿ ರ್‍ಯಾಮ್‌ಗೆ ಕೊಡಿ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ಅದನ್ನು ಬೆಸುಗೆ ಹಾಕಿರುತ್ತಾರೆ, ಮುಂದೆ ಹೆಚ್ಚಿಸಲಾಗದು.

ಈಗ ನಿಮ್ಮ ಭಯದ ವಿಷಯ. ಅದರ ಹೆಸರು ರೀಕಾಲ್, ಕೋಪೈಲಟ್ ಪ್ಲಸ್ ಯಂತ್ರಗಳಲ್ಲಿ ಮಾತ್ರ ಇರುವ ಸೌಲಭ್ಯ. ಕೆಲವು ಸೆಕೆಂಡಿಗೊಮ್ಮೆ ಪರದೆಯ ಚಿತ್ರ ತೆಗೆದು, ಅದರಲ್ಲಿನ ಅಕ್ಷರಗಳನ್ನು ಓದಿ, ಆಮೇಲೆ ಹುಡುಕಲು ಬರುವಂತೆ ಇಡುತ್ತದೆ. 2024ರ ಮೇ ತಿಂಗಳಲ್ಲಿ ಪ್ರಕಟಿಸಿದಾಗ ಅದು ತಾನಾಗಿಯೇ ಚಾಲೂ ಇರುವ ಯೋಜನೆಯಿತ್ತು. ಓದಿದ ಪಠ್ಯವೆಲ್ಲ ಸಾದಾ ಕಡತದಲ್ಲಿ ಕುಳಿತಿರುವುದನ್ನು ಭದ್ರತಾ ತಜ್ಞರು ತೋರಿಸಿದ ಮೇಲೆ ಕಂಪನಿ ಹಿಂದೆ ಸರಿಯಿತು. ಗೂಢಲಿಪೀಕರಣ, ಮುಖ ಅಥವಾ ಬೆರಳಚ್ಚಿನ ತಪಾಸಣೆ ಸೇರಿಸಿ, ಬೇಕೆಂದವರಿಗೆ ಮಾತ್ರ ಎಂದು ಬದಲಿಸಿ, 2025ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿತು. ಚಿತ್ರಗಳು ನಿಮ್ಮ ಯಂತ್ರದಲ್ಲೇ ಉಳಿಯುತ್ತವೆ, ಕ್ಲೌಡ್‌ಗೆ ಹೋಗುವುದಿಲ್ಲ. ಇದನ್ನು ಒಪ್ಪಲೇಬೇಕು, ಇದು ಸಣ್ಣ ವಿಷಯವಲ್ಲ.

ಆದರೂ ನಾನು ಅದನ್ನು ಚಾಲೂ ಮಾಡಿಲ್ಲ. ನಮ್ಮ ಪರದೆಯ ಮೇಲೆ ಕಾಣುವುದು ನಮ್ಮ ಬದುಕಲ್ಲ, ನಂಬಿ ಬಂದವರ ಪ್ಯಾನ್, ಆಧಾರ್, ಬ್ಯಾಂಕ್ ಪುಸ್ತಕ. ರೀಕಾಲ್‌ಗೆ ಒಪ್ಪಿಗೆ ಕೊಡುವವರು ನಾವು, ಅವರನ್ನು ಕೇಳಿದವರಾರು? ಸೂಕ್ಷ್ಮ ಸಂಖ್ಯೆಗಳನ್ನು ಬಿಟ್ಟುಬಿಡುವ ಜರಡಿಯೊಂದು ಅದರಲ್ಲಿದೆ, ಆದರೆ ಅದರ ಕಣ್ಣು ತಪ್ಪಿಸಿದ ಕಾರ್ಡ್ ಸಂಖ್ಯೆಗಳನ್ನು ಪರೀಕ್ಷಿಸಿದವರು ತೋರಿಸಿಕೊಟ್ಟಿದ್ದಾರೆ. ಸಂದೇಶ ಕಳಿಸುವ ಸಿಗ್ನಲ್ ಆ್ಯಪ್ 2025ರ ಮೇ ತಿಂಗಳಲ್ಲಿ ವಿಂಡೋಸ್ 11ರಲ್ಲಿ ತನ್ನ ಕಿಟಕಿಯ ಚಿತ್ರವನ್ನೇ ತೆಗೆಯಲಾಗದಂತೆ ಮಾಡಿದ್ದು ಇದೇ ಕಾರಣಕ್ಕೆ: ನೀವು ಬೇಡವೆಂದರೂ, ಎದುರಿನವರ ಯಂತ್ರ ನಿಮ್ಮ ಸಂದೇಶವನ್ನು ಚಿತ್ರ ಮಾಡಿ ಇಡಬಹುದು.

ಸೆಟ್ಟಿಂಗ್ಸ್‌ನ ಗೌಪ್ಯತೆ ವಿಭಾಗದಲ್ಲಿ ರೀಕಾಲ್ ಎಂಬ ಸಾಲು ಕಂಡರೆ ಅದು ಆಫ್ ಇದೆಯೇ ನೋಡಿ. ನಿಮ್ಮ ಸಹಾಯಕರ ಯಂತ್ರದಲ್ಲೂ ನೋಡಿ. ಕಡತಗಳು ಅಲ್ಲಿಗೂ ಹೋಗುತ್ತವಲ್ಲ.