ಗೊತ್ತಿಲ್ಲದ ವಿಜ್ಞಾನದ ಪ್ಯಾರಾ ಓದಿ ಉತ್ತರ ಬರೆಯುವುದನ್ನು ಹೇಗೆ ರೂಢಿ ಮಾಡಿಕೊಳ್ಳಬೇಕು?

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯವರು, ಶಾಲೆ ಬಿಟ್ಟು ವರ್ಷಗಳಾದ ಮೇಲೆ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದ್ದೀರಿ. ಪಾಠ ಬಾಯಿಗೆ ಬರುತ್ತದೆ, ಹೊಸ ಪ್ಯಾರಾ ಕೊಟ್ಟರೆ ಮಾತ್ರ ಕೈ ಓಡುವುದಿಲ್ಲ ಎಂದಿದ್ದೀರಿ. ಹೊಸ ಗೈಡು ಕೊಳ್ಳುವುದು ಬೇಡ. ನಿಮ್ಮೂರಿನ ವಿಷಯವಾದ ಒಣದ್ರಾಕ್ಷಿಯ ಮೇಲೆಯೇ ಒಂದು ಪ್ಯಾರಾ ಕೊಡುತ್ತೇನೆ.

"ಹಸಿ ದ್ರಾಕ್ಷಿಯ ತೂಕದಲ್ಲಿ ಸುಮಾರು ಶೇ 80 ನೀರು. ಸಿಪ್ಪೆಯ ಮೇಲಿನ ಮೇಣದ ಪದರ ಆ ನೀರನ್ನು ಬೇಗ ಆರಗೊಡುವುದಿಲ್ಲ. ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿ.ಲೀ. ಡಿಪ್ಪಿಂಗ್ ಆಯಿಲ್ (ಹಣ್ಣು ಅದ್ದುವ ದ್ರಾವಣಕ್ಕೆ ಹಾಕುವ ಎಣ್ಣೆ) ಬೆರೆಸಿ, ಗೊನೆಗಳನ್ನು ಕೆಲವು ನಿಮಿಷ ಅದ್ದಿ, ಶೆಡ್ಡಿನ ನೆರಳಲ್ಲಿ ಹರಡುತ್ತಾರೆ. ಸುಮಾರು ಎರಡು ವಾರಕ್ಕೆ ತೇವಾಂಶ ಶೇ 15ಕ್ಕೆ ಇಳಿಯುತ್ತದೆ."

ಮೊದಲು ಪ್ರತಿ ವಾಕ್ಯದ ಪಕ್ಕ ಪೆನ್ಸಿಲ್‌ನಲ್ಲಿ ಒಂದೇ ಪದ ಬರೆಯಿರಿ: ಅಳತೆ, ಕಾರಣ, ಕ್ರಮ, ಫಲ. ಆಮೇಲೆ ಪ್ರಶ್ನೆಗೆ ಹೋಗಿ.

"ಅದ್ದದಿದ್ದರೆ ಹೆಚ್ಚು ದಿನ ಬೇಕು, ಏಕೆ?" ಬಹಳ ಜನ "ದ್ರಾವಣದಲ್ಲಿ ಅದ್ದಿಲ್ಲವಾದ್ದರಿಂದ" ಎಂದು ಬರೆಯುತ್ತಾರೆ. ಅದು ಪ್ರಶ್ನೆಯನ್ನೇ ತಿರುಗಿಸಿ ಬರೆದ ಹಾಗಾಯಿತು, ಅಂಕ ಬರುವುದಿಲ್ಲ. ಕಾರಣದ ವಾಕ್ಯವನ್ನೂ ಕ್ರಮದ ವಾಕ್ಯವನ್ನೂ ಜೋಡಿಸಬೇಕು: ಮೇಣದ ತಡೆ ಹಾಗೇ ಉಳಿಯುತ್ತದೆ, ನೀರು ನಿಧಾನವಾಗಿ ಆವಿಯಾಗುತ್ತದೆ, ಹಾಗಾಗಿ ದಿನ ಹೆಚ್ಚು.

"100 ಕಿಲೋ ದ್ರಾಕ್ಷಿಗೆ ಒಣದ್ರಾಕ್ಷಿ ಎಷ್ಟು?" ಇಲ್ಲಿ ಜಾಣರೂ ಎಡವುತ್ತಾರೆ. 80ರಲ್ಲಿ 15 ಕಳೆದು 65, ಅಂದರೆ 65 ಕಿಲೋ ನೀರು ಹೋಯಿತು, ಉಳಿದದ್ದು 35 ಕಿಲೋ ಎನ್ನುತ್ತಾರೆ. ತಪ್ಪು. ಮೊದಲಿನ ಶೇ 80 ಹಸಿ ಹಣ್ಣಿನ ತೂಕಕ್ಕೆ, ಕೊನೆಯ ಶೇ 15 ಒಣಗಿದ ಹಣ್ಣಿನ ತೂಕಕ್ಕೆ. ಎರಡನ್ನೂ ನೇರವಾಗಿ ಕಳೆಯಲು ಬರುವುದಿಲ್ಲ. ಬದಲಾಗದೆ ಉಳಿಯುವುದು ಯಾವುದೆಂದು ನೋಡಿ: ನೀರಲ್ಲದ 20 ಕಿಲೋ. ಅದು ಒಣದ್ರಾಕ್ಷಿಯಲ್ಲಿ ಶೇ 85. 20 ಭಾಗಿಸು 0.85, ಸುಮಾರು 23.5 ಕಿಲೋ. ನಾಲ್ಕು ಕಿಲೋಗೆ ಹೆಚ್ಚುಕಡಿಮೆ ಒಂದು ಕಿಲೋ ಎಂಬ ನಿಮ್ಮ ಶೆಡ್ಡಿನ ಲೆಕ್ಕಕ್ಕೂ ಇದು ತಾಳೆಯಾಗುತ್ತದೆ. ಶೇಕಡಾ ಕಂಡಲ್ಲೆಲ್ಲ "ಯಾವುದರ ಶೇಕಡಾ?" ಎಂದು ಅಂಚಿನಲ್ಲಿ ಬರೆದುಕೊಳ್ಳಿ.

"ನೆರಳಲ್ಲಿ ಒಣಗಿಸಿದರೆ ಹಸಿರು ಬಣ್ಣ ಉಳಿಯುತ್ತದೆ. ಪ್ಯಾರಾದ ಪ್ರಕಾರ ಸರಿಯೇ?" ನಿಮಗೆ ಗೊತ್ತಿರುವ ಮಾತು, ಅದಕ್ಕೇ ಅಪಾಯ. ಪ್ಯಾರಾದಲ್ಲಿ ಬಣ್ಣದ ಸುದ್ದಿಯೇ ಇಲ್ಲ. "ಹೇಳಿಲ್ಲ" ಎಂಬುದೇ ಉತ್ತರ. ಬರೆದ ಪ್ರತಿ ಉತ್ತರಕ್ಕೂ ಆಧಾರದ ವಾಕ್ಯದ ಕೆಳಗೆ ಗೆರೆ ಎಳೆಯಿರಿ. ಗೆರೆ ಎಳೆಯಲು ಜಾಗ ಸಿಗದಿದ್ದರೆ ಆ ಉತ್ತರ ನಿಮ್ಮ ತಲೆಯಿಂದ ಬಂದದ್ದು.

ಪ್ರಯೋಗದ ಪ್ಯಾರಾ ಬಂದರೆ ಮೂರೇ ಹುಡುಕಿ: ಬದಲಿಸಿದ್ದೇನು, ಒಂದೇ ಥರ ಇಟ್ಟಿದ್ದೇನು, ಅಳೆದದ್ದೇನು.

ಕೋಷ್ಟಕ ಓದಲು ಮಳೆಗಾಲದಲ್ಲಿ ಪೇಪರಿನ ಆಲಮಟ್ಟಿ ನೀರಿನ ಮಟ್ಟದ ಪಟ್ಟಿ ಸಾಕು. ಒಳಹರಿವು 1,00,000 ಕ್ಯೂಸೆಕ್, ಹೊರಹರಿವು 50,000 ಇದ್ದರೆ ದಿನಕ್ಕೆ ಸಂಗ್ರಹ ಎಷ್ಟು ಏರುತ್ತದೆ? ಕ್ಯೂಸೆಕ್ ಎಂದರೆ ಸೆಕೆಂಡಿಗೆ ಇಷ್ಟು ಘನ ಅಡಿ, ಅದು ಹರಿವಿನ ದರ. ಟಿಎಂಸಿ ಎಂದರೆ 100 ಕೋಟಿ ಘನ ಅಡಿ, ಅದು ಪ್ರಮಾಣ. ವ್ಯತ್ಯಾಸ 50,000ವನ್ನು ದಿನದ 86,400 ಸೆಕೆಂಡಿನಿಂದ ಗುಣಿಸಿದರೆ 432 ಕೋಟಿ, ಅಂದರೆ 4.32 ಟಿಎಂಸಿ. ಮರುದಿನದ ಪಟ್ಟಿಯ ಜೊತೆ ಹೋಲಿಸಿ ನೋಡಿ. ಹರಿವು ದಿನವಿಡೀ ಒಂದೇ ಸಮ ಇರುವುದಿಲ್ಲವಾದ್ದರಿಂದ ಸ್ವಲ್ಪ ಹಿಂದೆಮುಂದೆ ಬರುತ್ತದೆ.