ಇತ್ತೀಚಿನ ಕನ್ನಡ ಸಿನಿಮಾ, ಸೀರಿಯಲ್‌ಗಳಲ್ಲಿ ಯಾವುದು ನೋಡಬಹುದು, ಯಾವುದು ಬಿಡಬಹುದು?

ನೀವು ಕೇಳಿರುವುದು ಇಷ್ಟು: ಕೆಲಸದ ಮೇಲೆ ಪುಣೆಗೆ ಹೋದಮೇಲೆ ಕನ್ನಡದ್ದು ಏನೂ ನೋಡಿಲ್ಲ, ರಿವ್ಯೂಗಳ ಮೇಲೆ ನಂಬಿಕೆ ಇಲ್ಲ, ಮಾಮೂಲಿ ಪ್ರೇಕ್ಷಕರು ಯಾರಾದರೂ ಮುಲಾಜಿಲ್ಲದೆ ಹೇಳಿ ಅಂತ. ಸರಿ, ಹೇಳುತ್ತೇನೆ. ನಾನು ದಾವಣಗೆರೆಯವಳು. ಹಗಲು ಮಂಡಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ, ಸಂಜೆ ಅತ್ತೆ ಜೊತೆ ಟಿವಿ ಮುಂದೆ ಕೂರುತ್ತೇನೆ, ಆಗಾಗ ಮನೆಯವರ ಜೊತೆ ಟಾಕೀಸಿಗೆ ಹೋಗುತ್ತೇನೆ. ಇಷ್ಟೇ ನನ್ನ ಯೋಗ್ಯತೆ.

ನನ್ನ ದೂರು ಒಂದೇ. ನಮ್ಮವರಿಗೆ ಕಥೆ ಶುರು ಮಾಡುವುದು ಚೆನ್ನಾಗಿ ಗೊತ್ತು. ಮುಗಿಸುವುದಕ್ಕೆ ಮಾತ್ರ ಮನಸ್ಸು ಬರುವುದಿಲ್ಲ.

ಮೊದಲು 'ಸು ಫ್ರಮ್ ಸೋ' ನೋಡಿ. 2025ರ ಜುಲೈನಲ್ಲಿ ಬಂತು. ಜೆ.ಪಿ. ತುಮಿನಾಡು ನಿರ್ದೇಶನ, ರಾಜ್ ಬಿ. ಶೆಟ್ಟಿ ನಿರ್ಮಾಣ. ಕಟೌಟ್ ಹಾಕಿಸಿಕೊಳ್ಳುವ ಹೀರೋ ಯಾರೂ ಇಲ್ಲ. ನೋಡಿದವರು ಹೇಳಿ ಹೇಳಿಯೇ ಟಾಕೀಸು ತುಂಬಿತು. ನಾವು ಹೋದ ಭಾನುವಾರ ಬಾಲ್ಕನಿ ಸಿಗದೆ ಕೆಳಗೆ ಕೂತೆವು. ಕರಾವಳಿಯ ಒಂದು ಊರು. ಅಶೋಕ ಅನ್ನೋ ಹುಡುಗ ಮಾಡಬಾರದ ಕೆಲಸ ಮಾಡಿ ಸಿಕ್ಕಿಬೀಳುತ್ತಾನೆ. ತಪ್ಪಿಸಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ನಾಟಕ ಮಾಡುತ್ತಾನೆ. ಊರಿನವರು ಅದನ್ನು ನಂಬಿಬಿಡುತ್ತಾರೆ. ದೆವ್ವಕ್ಕೆ ಹೆಸರೂ ಊರೂ ಸಿಕ್ಕಿಬಿಡುತ್ತದೆ, ಸೋಮೇಶ್ವರದ ಸುಲೋಚನಾ. ಮಂಗಳೂರು ಕಡೆಯ ಮಾತು ನಮ್ಮೂರಲ್ಲಿ ಅರ್ಥ ಆಗುತ್ತಾ ಅಂತ ನನಗೆ ಅನುಮಾನ ಇತ್ತು. ಪಕ್ಕದಲ್ಲಿ ಕೂತಿದ್ದ ಹರಿಹರದ ಅಜ್ಜಿಯೊಬ್ಬರು ನನಗಿಂತ ಮೊದಲೇ ನಗುತ್ತಿದ್ದರು.

ಒಂದು ತಕರಾರು ಇದೆ. ಅವನು ಸಿಕ್ಕಿಬೀಳುವುದು ಬಚ್ಚಲಮನೆಯ ಕಿಟಕಿಯಲ್ಲಿ ಇಣುಕಲು ಹೋಗಿ. ಅದನ್ನು ಸಿನಿಮಾ ಬಹಳ ಹೊತ್ತು ಬರೀ ತಮಾಷೆಯಾಗಿಯೇ ನೋಡುತ್ತದೆ. ನನ್ನ ಪಕ್ಕದ ಗಂಡಸರಿಗೆ ಅದೇನೂ ಅನ್ನಿಸಲಿಲ್ಲ, ನನಗೆ ಅನ್ನಿಸಿತು. ಆದರೆ ಎರಡನೇ ಅರ್ಧದಲ್ಲಿ ಕಥೆ ನಿಜವಾದ ಹೆಣ್ಣಿನ ಕಷ್ಟಕ್ಕೆ ತಿರುಗುತ್ತದೆ. ನಾಟಕ ಆಡಿದವನೇ ಆ ನಾಟಕವನ್ನು ಒಳ್ಳೆಯ ಕೆಲಸಕ್ಕೆ ಬಳಸಬೇಕಾಗುತ್ತದೆ. ಹೇಳಬೇಕಾದದ್ದು ಮುಗಿದ ಕೂಡಲೇ ಸಿನಿಮಾ ಮುಗಿಯುತ್ತದೆ. ಭಾಗ ಎರಡಕ್ಕೆ ಅಂತ ಗಂಟು ಕಟ್ಟಿ ಇಟ್ಟಿಲ್ಲ.

ಈಗ ದೊಡ್ಡದಕ್ಕೆ ಬರುತ್ತೇನೆ, ಬೈಸಿಕೊಳ್ಳಲು ರೆಡಿ. 2022ರ 'ಕಾಂತಾರ' ನನಗೆ ತುಂಬಾ ಇಷ್ಟ. ರಿಷಬ್ ಶೆಟ್ಟಿಗೆ ಅದಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ಅಂಗಡಿಯಲ್ಲಿ ನಾವೂ ಸ್ವೀಟ್ ಹಂಚಿದೆವು. ಅದರ ಕೊನೆಯ ದೃಶ್ಯಕ್ಕೆ ರೋಮ ನಿಲ್ಲುವುದು ಯಾಕೆ ಹೇಳಿ? ಅಲ್ಲಿಯವರೆಗೂ ಕಾಯಿಸಿದ್ದಾರೆ. ಜಮೀನು, ಅರಣ್ಯ ಇಲಾಖೆ, ಊರ ಧಣಿ, ಹಂದಿ ಬೇಟೆ ಅಂತ ಸಣ್ಣ ಸಣ್ಣ ಜಗಳದಲ್ಲಿ ಓಡಾಡಿಸಿ ಆಮೇಲೆ ದೈವ ಬರುತ್ತದೆ. 2025ರ ಅಕ್ಟೋಬರ್ 2ಕ್ಕೆ ಬಂದ 'ಕಾಂತಾರ ಚಾಪ್ಟರ್ 1' ಕದಂಬರ ಕಾಲಕ್ಕೆ ಹೋಗುತ್ತದೆ. ಕಾಡು, ಕೋಟೆ, ಸಂತೆಬೀದಿಯಲ್ಲಿ ಓಡುವ ರಥ, ಎಲ್ಲವನ್ನೂ ಬಾಯಿಬಿಟ್ಟುಕೊಂಡು ನೋಡಿದೆ. ಅರವಿಂದ್ ಕಶ್ಯಪ್ ಕ್ಯಾಮೆರಾಗೆ ಕೈ ಮುಗಿಯಬೇಕು. ರುಕ್ಮಿಣಿ ವಸಂತ್ ಪಾತ್ರಕ್ಕೆ ಈ ಸಲ ಗಟ್ಟಿ ತಿರುವು ಇದೆ. ಆದರೆ ಅರ್ಧ ಗಂಟೆಗೊಂದು ಕ್ಲೈಮ್ಯಾಕ್ಸ್! ಎರಡೂ ಮುಕ್ಕಾಲು ಗಂಟೆಯ ಮೇಲೆ ಇದೇ ಆದರೆ ಕೊನೆಗೆ ನಿಜವಾದ ಕ್ಲೈಮ್ಯಾಕ್ಸ್ ಬಂದಾಗ ಮೈ ಸುಮ್ಮನಿರುತ್ತದೆ. ಊಟಕ್ಕೆ ಕೂತ ಕೂಡಲೇ ಹೋಳಿಗೆ ಬಡಿಸಿ, ಎಲೆ ತುಂಬಾ ಹೋಳಿಗೆಯನ್ನೇ ಹಾಕುತ್ತಾ ಹೋದ ಹಾಗೆ. ಇಷ್ಟೆಲ್ಲ ಆದಮೇಲೂ ಮುಂದೆ ಇನ್ನೂ ಇದೆ ಅನ್ನೋ ಸುಳಿವು ಬೇರೆ. ದೊಡ್ಡ ಪರದೆಯಲ್ಲಿ ನೋಡಿದರೆ ದುಡ್ಡಿಗೆ ಮೋಸ ಇಲ್ಲ. ಮೊಬೈಲಿನಲ್ಲಿ ಮಾತ್ರ ಬೇಡ.

'ಸಪ್ತ ಸಾಗರದಾಚೆ ಎಲ್ಲೋ' ಬಗ್ಗೆ ಪ್ರತ್ಯೇಕ ಕೇಳಿದ್ದೀರಿ. ಹೇಮಂತ್ ರಾವ್ 2023ರಲ್ಲಿ ಇದನ್ನು ಸೈಡ್ ಎ, ಸೈಡ್ ಬಿ ಅಂತ ಎರಡು ಭಾಗವಾಗಿ ಬಿಟ್ಟರು, ಸೆಪ್ಟೆಂಬರ್‌ನಲ್ಲಿ ಒಂದು, ನವೆಂಬರ್‌ನಲ್ಲಿ ಇನ್ನೊಂದು. ಮನು ಕಾರ್ ಡ್ರೈವರ್. ಧಣಿ ಕಡೆಯವರ ತಪ್ಪನ್ನು ದುಡ್ಡಿನ ಆಸೆಗೆ ತಲೆ ಮೇಲೆ ಹೊತ್ತು ಜೈಲಿಗೆ ಹೋಗುತ್ತಾನೆ. ಬೇಗ ಬಿಡಿಸುತ್ತೇವೆ ಅಂದವರು ಬಿಡಿಸುವುದಿಲ್ಲ. ಹೊರಗೆ ಪ್ರಿಯಾ ವಕೀಲರ ಹತ್ತಿರ, ಜೈಲಿನ ಬಾಗಿಲಿಗೆ ಅಲೆಯುತ್ತಾಳೆ. ಮಧ್ಯಮ ವರ್ಗದವರ ಮನೆ ಆಸೆ ಎಂಥ ಕೆಲಸ ಮಾಡಿಸುತ್ತದೆ ಅನ್ನುವುದನ್ನು ಇಷ್ಟು ಸರಿಯಾಗಿ ತೋರಿಸಿದ ಸಿನಿಮಾ ಕಡಿಮೆ. ಸೈಡ್ ಎ ಒಂದೇ ಪೂರ್ತಿ ಸಿನಿಮಾ. ಸೈಡ್ ಬಿ ನನಗೆ ಬೇಕಾಗಿರಲಿಲ್ಲ. ಚೈತ್ರಾ ಆಚಾರ್ ನಟನೆ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮದುವೆಯಾಗಿ ಮಗು ಇರುವ ಹೆಂಗಸನ್ನು ಹತ್ತು ವರ್ಷದ ನಂತರ ಕದ್ದು ಹಿಂಬಾಲಿಸುವುದನ್ನು ಪ್ರೀತಿ ಅಂತ ನಾನು ಒಪ್ಪುವುದಿಲ್ಲ. ನಮ್ಮ ಮನೆಯವರಿಗೆ ಬಿ ಭಾಗವೇ ಜಾಸ್ತಿ ಇಷ್ಟ. ಬಸ್ ಸ್ಟ್ಯಾಂಡ್ ಹತ್ತಿರ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಈ ವಿಷಯಕ್ಕೆ ನಾವು ಜಗಳ ಆಡಿದ್ದೇವೆ, ಇನ್ನೂ ತೀರ್ಮಾನ ಆಗಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪಕ್ಕದ ಚಿತ್ರದುರ್ಗದ ಕೋಟೆಗೆ ಹೋದರೆ ಇವತ್ತಿಗೂ 'ನಾಗರಹಾವು' ಶೂಟಿಂಗ್ ಆದ ಬಂಡೆ ತೋರಿಸುವವರು ಸಿಗುತ್ತಾರೆ. 1972ರ ಸಿನಿಮಾ. ಪುಟ್ಟಣ್ಣ ಕಣಗಾಲ್ ಅದರಲ್ಲಿ ಹೀರೋ, ಹೀರೋಯಿನ್, ಮೇಷ್ಟ್ರು ಮೂವರನ್ನೂ ಉಳಿಸಲಿಲ್ಲ. ಕಥೆ ಆ ಬೆಟ್ಟದ ಮೇಲೆ ಮುಗಿಯಬೇಕಿತ್ತು, ಮುಗಿಸಿದರು. ಈಗಿನವರ ಕೈಗೆ ಸಿಕ್ಕಿದ್ದರೆ ರಾಮಾಚಾರಿ ಕಣ್ಣು ಬಿಡುವಲ್ಲಿಗೆ ಭಾಗ ಎರಡು ಅಂತ ಬರುತ್ತಿತ್ತು.

ಉಳಿದ ದೊಡ್ಡವರ ಸಿನಿಮಾ ಬೇಗ ಬೇಗ ಹೇಳುತ್ತೇನೆ. ಸುದೀಪ್ ಅವರ 'ಮ್ಯಾಕ್ಸ್' ಒಂದೇ ರಾತ್ರಿಯ ಕಥೆ. ತರ್ಕ ಹುಡುಕಬೇಡಿ, ಬೋರ್ ಆಗುವುದಿಲ್ಲ. ಬೆಳಗಾಗುವುದರೊಳಗೆ ಮುಗಿಯಲೇಬೇಕು ಅನ್ನುವ ಕಟ್ಟು ಇರುವುದರಿಂದಲೇ ಅದು ಓಡುತ್ತದೆ. ಅದಕ್ಕಿಂತ ಐದು ದಿನ ಮೊದಲು ಬಂದ ಉಪೇಂದ್ರ ಅವರ 'ಯುಐ' ಉಲ್ಟಾ. ತಲೆಯಲ್ಲಿ ಹತ್ತು ಸಿನಿಮಾಗೆ ಆಗುವಷ್ಟು ಐಡಿಯಾ, ಆದರೆ ಯಾವುದನ್ನೂ ಕೊನೆ ಮುಟ್ಟಿಸಿಲ್ಲ. ಬುದ್ಧಿವಂತರು ಎದ್ದು ಹೋಗಿ ಅಂತ ಶುರುವಿನಲ್ಲೇ ಹೇಳುತ್ತಾರೆ, ಹಾಗಾಗಿ ಬೈಯುವ ಹಾಗೂ ಇಲ್ಲ! 'ಬಘೀರ' ಫೈಟಿಗೆ ನೋಡಬಹುದು. ಶಿವಣ್ಣನ 'ಭೈರತಿ ರಣಗಲ್' ಬೇಕಿದ್ದರೆ ಮೊದಲು 2017ರ 'ಮಫ್ತಿ' ನೋಡಿ, ಆಮೇಲೆ ಇದು.

ಯಾರೂ ಹೇಳದೇ ಇರುವ ಒಂದು ಸಿನಿಮಾ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. 'ಶಾಖಾಹಾರಿ', 2024. ಸಂದೀಪ್ ಸುಂಕದ ಅವರದ್ದು. ಮಲೆನಾಡಿನ ಒಂದು ಸಣ್ಣ ಸಸ್ಯಾಹಾರಿ ಹೋಟೆಲ್, ಅದನ್ನು ನಡೆಸುವ ಸುಬ್ಬಣ್ಣನಾಗಿ ರಂಗಾಯಣ ರಘು. ಒಂದು ರಾತ್ರಿ ಯಾರೋ ಗಾಯವಾದವನು ಒಳಗೆ ಬರುತ್ತಾನೆ. ಮುಂದಿನದ್ದು ಹೇಳಿದರೆ ಪಾಪ. ರಘು ಅವರನ್ನು ಬರೀ ಕೂಗಾಡುವ ಪಾತ್ರದಲ್ಲಿ ನೋಡಿ ನೋಡಿ ಅಭ್ಯಾಸ ಆಗಿದೆ ಅಲ್ವಾ? ಇಲ್ಲಿ ಸುಮ್ಮನೆ ಹಿಟ್ಟು ರುಬ್ಬುತ್ತಾ ನಿಂತರೂ ನಮಗೆ ಭಯವಾಗುತ್ತದೆ. ಪೊಲೀಸ್ ಪಾತ್ರದಲ್ಲಿ ಗೋಪಾಲಕೃಷ್ಣ ದೇಶಪಾಂಡೆ ಅವರೂ ಅಷ್ಟೇ ಚೆನ್ನಾಗಿದ್ದಾರೆ. ನಮ್ಮೂರಲ್ಲಿ ಅದು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ನಾನು ನೋಡಿದ್ದು ಮನೆಯಲ್ಲೇ.

ಇನ್ನು ಸೀರಿಯಲ್. ನೀವು ನಗಬೇಡಿ, ಇಲ್ಲಿ ನನಗೆ ಸಿನಿಮಾಗಿಂತ ಜಾಸ್ತಿ ಹೇಳುವುದಿದೆ. ಇಷ್ಟು ಒಳ್ಳೆಯ ಶುರು ಸಿನಿಮಾದವರಿಗೂ ಸಿಗುವುದಿಲ್ಲ. 'ಪುಟ್ಟಕ್ಕನ ಮಕ್ಕಳು' ನೋಡಿ. ಗಂಡು ಮಗು ಬೇಕು ಅಂತ ಬಿಟ್ಟುಹೋದ ಗಂಡ, ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ತಾಯಿ, ಆ ತಾಯಿಯಾಗಿ ಉಮಾಶ್ರೀ. 'ಭಾಗ್ಯಲಕ್ಷ್ಮಿ'ಯಲ್ಲಿ ಎರಡು ಮಕ್ಕಳ ತಾಯಿ ಮಗಳ ಜೊತೆ ಸ್ಕೂಲಿಗೆ ಹೋಗಿ ಎಸ್ಸೆಸ್ಸೆಲ್ಸಿ ಬರೆಯುತ್ತಾಳೆ, ಬೆನ್ನಿಗೆ ನಿಲ್ಲುವುದು ಅತ್ತೆ! ನಮ್ಮ ಅತ್ತೆ ಆ ಕಂತುಗಳನ್ನು ನೋಡುವಾಗ ರೊಟ್ಟಿ ತಟ್ಟುವುದನ್ನೂ ನಿಲ್ಲಿಸುತ್ತಿದ್ದರು. 'ಅಮೃತಧಾರೆ' ಹಿಂದಿಯ ರೀಮೇಕ್, ಇರಲಿ, ವಯಸ್ಸು ಮೀರಿ ಮದುವೆಯಾದ ಇಬ್ಬರ ಸಂಕೋಚವನ್ನು ರಾಜೇಶ್ ನಟರಂಗ ಮತ್ತು ಛಾಯಾ ಸಿಂಗ್ ಎಷ್ಟು ಚೆಂದ ಮಾಡಿದ್ದಾರೆ.

ಆಮೇಲೆ ಏನಾಗುತ್ತದೆ? ಪ್ರತಿ ಗುರುವಾರ ಟಿಆರ್‌ಪಿ ಬರುತ್ತದೆ. ಕಥೆ ಮುಗಿದಾಗ ಸೀರಿಯಲ್ ಮುಗಿಯುವುದಿಲ್ಲ, ನಂಬರ್ ಬಿದ್ದಾಗ ಮುಗಿಯುತ್ತದೆ. ನಂಬರ್ ಇರುವವರೆಗೂ ಎಳೆಯಬೇಕು. ಒಳ್ಳೆಯವರಿಗೆ ಬುದ್ಧಿ ಇರಬಾರದು, ಕೆಟ್ಟವರಿಗೆ ಮೊಬೈಲ್ ಯಾವಾಗಲೂ ಸೈಲೆಂಟಿನಲ್ಲಿ ಇರಬೇಕು. ಭಾಗ್ಯಳ ಗಂಡನ ಇನ್ನೊಂದು ಸಂಬಂಧ ಬಯಲಾಗುತ್ತದೆ, ಬಯಲಾಗುತ್ತದೆ ಅಂತ ಎಷ್ಟು ಕಾಲ ಆಟ ಆಡಿಸಿದರು! ಪುಟ್ಟಕ್ಕನ ಮಗಳು ಸ್ನೇಹಾ ಪಾತ್ರದ ನಟಿ ಬಿಟ್ಟರು, ಸ್ನೇಹಾಳನ್ನೇ ಸಾಯಿಸಿದರು. ಅತ್ತೆ ಅವತ್ತು ರಿಮೋಟ್ ಕೆಳಗಿಟ್ಟು, "ಇದಕ್ಕೇನವ್ವ ಇಷ್ಟು ದಿನ ಆಕೀನ ಓದಿಸಿದ್ದು?" ಅಂದರು. ಮರುದಿನ ಅದೇ ಟೈಮಿಗೆ ಮತ್ತೆ ಕೂತರು, ಅದು ಬೇರೆ ಮಾತು.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು 'ಲಕ್ಷ್ಮೀ ನಿವಾಸ'ದ ಜಯಂತನ ಕಥೆಗೆ. ಹೆಂಡತಿಯನ್ನು ಬಾಯಿತುಂಬಾ ಚಿನ್ನುಮರಿ ಅಂತ ಕರೆಯುತ್ತಾನೆ, ಮನೆಯಲ್ಲಿ ಕ್ಯಾಮೆರಾ ಇಟ್ಟು ಅವಳ ಪ್ರತಿ ಹೆಜ್ಜೆ ನೋಡುತ್ತಾನೆ. ಹೊಡೆಯುವ ಗಂಡ ಕೆಟ್ಟವನು ಅಂತ ಎಲ್ಲ ಸೀರಿಯಲ್ಲೂ ಹೇಳುತ್ತದೆ. ಮುದ್ದು ಮಾಡುತ್ತಲೇ ಉಸಿರು ಕಟ್ಟಿಸುವ ಗಂಡನನ್ನು ತೋರಿಸಿದ್ದು ಇದು. ನಮ್ಮ ಅಂಗಡಿಯ ಹುಡುಗಿಯರು ಊಟದ ಹೊತ್ತಿಗೆ ಇದನ್ನೇ ಮಾತಾಡುತ್ತಿದ್ದರು, ಒಬ್ಬಳು ಮಾತಿನ ಮಧ್ಯೆ ಸುಮ್ಮನಾಗಿದ್ದನ್ನೂ ನೋಡಿದ್ದೇನೆ. ಎಂಟೋ ಹತ್ತೋ ಕಂತಿನಲ್ಲಿ ಹೇಳಿ ಮುಗಿಸಿದ್ದರೆ ಕನ್ನಡದ ಒಳ್ಳೆಯ ಕಥೆಗಳ ಸಾಲಿನಲ್ಲಿ ಇರುತ್ತಿತ್ತು. ಈಗ ಅವಳು ಹಡಗಿನಿಂದ ಸಮುದ್ರಕ್ಕೆ ಹಾರಿ, ಬದುಕಿ, ಹೆಸರು ಬದಲಾಯಿಸಿಕೊಂಡು, ಅವನು ಹುಡುಕುತ್ತಾ... ಸಾಕು ಬಿಡಿ.

ಬಿಗ್ ಬಾಸ್ ನೋಡುತ್ತೇನೆ, ನಾಚಿಕೆ ಏನಿಲ್ಲ. ಮೊದಲ ತಿಂಗಳು ಬರೀ ಕೂಗಾಟ, ಅಷ್ಟನ್ನು ಬಿಟ್ಟು ಆಮೇಲೆ ಶುರು ಮಾಡಿ. 11ನೇ ಸೀಸನ್‌ನಲ್ಲಿ ಪಕ್ಕದ ಹಾವೇರಿ ಜಿಲ್ಲೆಯ ಹನುಮಂತ ವೈಲ್ಡ್ ಕಾರ್ಡಿನಲ್ಲಿ ಒಳಗೆ ಹೋಗಿ, ಲುಂಗಿಯಲ್ಲೇ ಓಡಾಡಿಕೊಂಡು, 2025ರ ಜನವರಿಯಲ್ಲಿ ಗೆದ್ದುಬಂದ. ನಮ್ಮ ಓಣಿಯಲ್ಲಿ ಪಟಾಕಿ ಹೊಡೆದರು. ಮುಂದಿನ ಸೀಸನ್ ಮಂಡ್ಯದ ಗಿಲ್ಲಿ ಗೆದ್ದ. ಇಬ್ಬರೂ ಹಳ್ಳಿ ಮಾತನ್ನು ಬಿಡದೆ ಗೆದ್ದವರು. ಅದು ನನಗೆ ಖುಷಿ. ಆದರೆ ಆಮೇಲೆ ಚಾನೆಲ್‌ಗಳು ಅಂಥವರನ್ನು ಪ್ರತಿ ಶೋನಲ್ಲೂ ಕೂರಿಸಿ ಮುಗ್ಧತೆಯನ್ನೇ ಮಾರುವುದು ಕಿರಿಕಿರಿ. ಇಷ್ಟು ಜಗಳವನ್ನು ನಾವು ಯಾಕೆ ತಡೆದುಕೊಳ್ಳುತ್ತೇವೆ ಅಂದರೆ, ಇದು ಇಂಥ ಹೊತ್ತಿಗೆ ಮುಗಿಯುತ್ತದೆ ಅಂತ ಗೊತ್ತಿರುತ್ತದೆ. ಫಿನಾಲೆ ಇದೆ, ಒಬ್ಬರು ಗೆಲ್ಲುತ್ತಾರೆ, ಮನೆಯ ಲೈಟ್ ಆರಿಸುತ್ತಾರೆ. ಸೀರಿಯಲ್‌ಗಳಿಗೆ ಅದೊಂದು ಭಾಗ್ಯ ಇಲ್ಲ.

ವೆಬ್ ಸೀರೀಸ್ ಕನ್ನಡದಲ್ಲಿ ಬೆರಳೆಣಿಕೆ. 'ಏಕಂ' ಅಂತ ಏಳು ಬಿಡಿ ಕಥೆಗಳದ್ದು ಒಂದಿದೆ, ಎಲ್ಲ ಕರಾವಳಿಯವು. ರಕ್ಷಿತ್ ಶೆಟ್ಟಿಯವರ ಸಂಸ್ಥೆಯದ್ದು. ಯಾವ ಓಟಿಟಿಯೂ ಕೊಳ್ಳಲಿಲ್ಲ, 2024ರಲ್ಲಿ ಸ್ವಂತ ವೆಬ್‌ಸೈಟಿನಲ್ಲಿ ಬಿಟ್ಟರು. ತೆಲುಗು, ತಮಿಳು, ಮಲಯಾಳಕ್ಕೆ ದುಡ್ಡು ಸುರಿಯುವ ಕಂಪನಿಗಳಿಗೆ ಕನ್ನಡ ಅಂದರೆ ಡಬ್ಬಿಂಗ್ ಮಾಡಿದರೆ ಸಾಕು ಅನ್ನುವ ಲೆಕ್ಕ. ಏಳೂ ಒಂದೇ ಮಟ್ಟದಲ್ಲಿಲ್ಲ, ಆದರೂ ಪ್ರತಿಯೊಂದೂ ತನ್ನ ಪಾಡಿಗೆ ಮುಗಿಯುತ್ತದೆ. 2025ರಲ್ಲಿ ಜೀ5ನಲ್ಲಿ ಬಂದ 'ಅಯ್ಯನ ಮನೆ' ಇನ್ನೂ ಸುಲಭ. ರಮೇಶ್ ಇಂದಿರಾ ನಿರ್ದೇಶನ. ಸೊಸೆಯಂದಿರು ಸಾಯುವ ಮನೆಗೆ ಹೊಸ ಸೊಸೆ ಬರುತ್ತಾಳೆ. ಚಿಕ್ಕ ಚಿಕ್ಕ ಕಂತು. ಶನಿವಾರ ರಾತ್ರಿ ಊಟ ಮುಗಿಸಿ ಶುರು ಮಾಡಿದರೆ ಮಲಗುವುದರೊಳಗೆ ಗುಟ್ಟು ಗೊತ್ತಾಗುತ್ತದೆ. ಅತ್ತೆ ಜೊತೆ ನೋಡಿದೆ, ಕೊಲೆ ಮಾಡಿದ್ದು ಯಾರು ಅಂತ ಅವರು ಮಧ್ಯದಲ್ಲೇ ಹೇಳಿಬಿಟ್ಟರು. ಇಷ್ಟು ವರ್ಷ ಸೀರಿಯಲ್ ನೋಡಿದ್ದು ಅಷ್ಟಕ್ಕಾದರೂ ಬಂತು.