ಬಾಸ್ ಡ್ರಮ್‌ನಲ್ಲಿ ಹಿಂದುಳಿಯುವ ಎಡಗೈ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಕಾಲೇಜಿನ ಬ್ಯಾಂಡಿನಲ್ಲಿ ಬಾಸ್ ಡ್ರಮ್ ನುಡಿಸುತ್ತೇನೆ. ಇಷ್ಟು ದಿನ ಹೆಜ್ಜೆಗೊಂದು ಪೆಟ್ಟು ಹಾಕುವುದಷ್ಟೇ ನನ್ನ ಕೆಲಸವಾಗಿತ್ತು. ಈಗ ಬ್ಯಾಂಡ್ ಮಾಸ್ಟರ್ ಎರಡೂ ಕೈಗಳು ಒಂದರ ಹಿಂದೊಂದು ವೇಗವಾಗಿ ಬರುವ ಹೊಸ ಪಾಠವನ್ನು ಕೊಟ್ಟಿದ್ದಾರೆ. ನನ್ನ ಎಡಗೈ ಪೆಟ್ಟು ಮೆತ್ತಗೆ ಕೇಳುತ್ತದೆ, ವೇಗ ಹೆಚ್ಚಿದಂತೆ ತಡವಾಗುತ್ತದೆ, ಸ್ವಲ್ಪ ಹೊತ್ತಿಗೇ ಮುಂದೋಳು ಬಿಗಿದುಕೊಳ್ಳುತ್ತದೆ. ಕೆಲವು ಗೆಳೆಯರು ಡಂಬೆಲ್ ಎತ್ತು ಎನ್ನುತ್ತಾರೆ, ಇನ್ನು ಕೆಲವರು ಊಟ, ಬರವಣಿಗೆ ಎಲ್ಲವನ್ನೂ ಎಡಗೈಯಲ್ಲೇ ಮಾಡು ಎನ್ನುತ್ತಾರೆ. ಏನು ಮಾಡಲಿ?
— ಪದವಿ ವಿದ್ಯಾರ್ಥಿ, ರಾಜಾಜಿನಗರ

ಉತ್ತರ: ಕೈಯನ್ನು ದೂರುವ ಮೊದಲು ವಾದ್ಯವನ್ನು ಪರೀಕ್ಷಿಸಿ. ಕಡ್ಡಿಗಳಿಂದ ಬಾರಿಸುವ ಚಿಕ್ಕ ಡ್ರಮ್ಮಾದ ಸೈಡ್ ಡ್ರಮ್ ನುಡಿಸುವವರ ಎರಡೂ ಕೈಗಳು ಒಂದೇ ಮುಖದ ಮೇಲೆ ಬೀಳುತ್ತವೆ, ಆದರೆ ಬಾಸ್ ಡ್ರಮ್ ನುಡಿಸುವವರ ಬಲಗೈಗೆ ಬಲಮುಖ, ಎಡಗೈಗೆ ಎಡಮುಖ. ಮೃದಂಗದಲ್ಲಿ ಎರಡು ಮುಖಗಳು ಬೇರೆ ಬೇರೆ ನಾದಕ್ಕಾಗಿಯೇ ರೂಪುಗೊಂಡಿವೆ. ಇಲ್ಲಿ ಎರಡೂ ಒಂದೇ ನಾದವನ್ನು ಕೊಡಬೇಕು. ಡ್ರಮ್ಮನ್ನು ಹಾರ್ನೆಸ್ಸಿನಿಂದ (ಅದನ್ನು ಮೈಮೇಲೆ ಹೊರುವ ಪಟ್ಟಿಯಿಂದ) ಇಳಿಸಿ, ಅದೇ ಬಲಗೈಯಿಂದ ಅದೇ ಮ್ಯಾಲೆಟ್ (ಡ್ರಮ್ ಬಾರಿಸುವ ದಪ್ಪತಲೆಯ ಕೋಲು) ಹಿಡಿದು ಎರಡೂ ಮುಖಗಳನ್ನು ನುಡಿಸಿ ನೋಡಿ. ಎಡಮುಖ ಆಗಲೂ ಮಂಕಾಗಿ ಕೇಳಿದರೆ ಅದರ ಹಾಳೆ ಸಡಿಲಾಗಿದೆ ಅಥವಾ ಸುತ್ತಲಿನ ಬೋಲ್ಟುಗಳ ಬಿಗಿತ ಒಂದೇ ಸಮನಾಗಿಲ್ಲ ಎಂದರ್ಥ. ಒಂದು ಬೋಲ್ಟನ್ನು ಸ್ವಲ್ಪ ತಿರುಗಿಸಿದ ಮೇಲೆ ಅದರ ಎದುರಿನದನ್ನು ಅಷ್ಟೇ ತಿರುಗಿಸುತ್ತಾ, ಪ್ರತಿ ಬೋಲ್ಟಿನ ಪಕ್ಕದಲ್ಲಿ ಬೆರಳಿನಿಂದ ತಟ್ಟಿ ಶ್ರುತಿಯನ್ನು ಹೋಲಿಸುತ್ತಾ ಎರಡೂ ಮುಖಗಳನ್ನು ಹೊಂದಿಸಿಕೊಳ್ಳಿ. ಮ್ಯಾಲೆಟ್‌ಗಳನ್ನೂ ಅದಲುಬದಲು ಮಾಡಿ ನೋಡಿ, ಏಕೆಂದರೆ ಒಂದರ ಫೆಲ್ಟ್ ಹೆಚ್ಚು ಸವೆದಿರಬಹುದು. ಕಾಲೇಜುಗಳ ಡ್ರಮ್ಮುಗಳು ವರ್ಷಗಟ್ಟಲೆ ಶ್ರುತಿ ಕಾಣದೆ ಉಗ್ರಾಣದಲ್ಲಿ ಬಿದ್ದಿರುವುದು ಅಪರೂಪವೇನಲ್ಲ. ಹಾರ್ನೆಸ್ ಹಾಕಿಕೊಂಡಾಗ ಡ್ರಮ್ ಒಂದು ಬದಿಗೆ ವಾಲಿದ್ದರೆ ಒಂದು ಕೈ ಮುಖದ ನಡುವಿಗೆ ಬೀಳುತ್ತದೆ, ಇನ್ನೊಂದು ಅಂಚಿನ ಕಡೆಗೆ ಜಾರುತ್ತದೆ. ಆಗಲೂ ನಾದ ಬೇರೆಯಾಗುತ್ತದೆ. ಮೊಣಕೈ ಸುಮಾರು ಲಂಬಕೋನದಲ್ಲಿ ಮಡಿಚಿರುವಾಗ ಮ್ಯಾಲೆಟ್‌ನ ತಲೆ ಸರಿಯಾಗಿ ನಡುವಿಗೆ ತಾಗುವಷ್ಟು ಎತ್ತರದಲ್ಲಿ ಡ್ರಮ್ ಇರಲಿ.

ಇಷ್ಟಾದ ಮೇಲೂ ವ್ಯತ್ಯಾಸ ಉಳಿದರೆ ಅದು ಕೈಯದೇ. ಆದರೆ ಡಂಬೆಲ್ ಎತ್ತು ಎನ್ನುವ ನಿಮ್ಮ ಗೆಳೆಯರು ಊಹಿಸಿರುವಂತೆ ಅದು ಬಲದ ಕೊರತೆ ಎಂದು ನನಗೆ ಅನಿಸುವುದಿಲ್ಲ. ಪಥಸಂಚಲನದ ವೇಗದ ನಡಿಗೆ ಸಾಮಾನ್ಯವಾಗಿ ನಿಮಿಷಕ್ಕೆ 120 ಹೆಜ್ಜೆಗಳದ್ದು. ಹೆಜ್ಜೆಗೆ ನಾಲ್ಕು ಪೆಟ್ಟುಗಳ ನಡೆಯನ್ನು ಕೈ ಬದಲಿಸುತ್ತಾ ನುಡಿಸಿದರೆ ಎರಡೂ ಕೈಗಳಿಂದ ಸೆಕೆಂಡಿಗೆ 8 ಪೆಟ್ಟು, ಎಡಗೈ ಒಂದರಿಂದಲೇ ಸೆಕೆಂಡಿಗೆ 4, ನಿಮಿಷಕ್ಕೆ 240. ಇಷ್ಟು ಪೆಟ್ಟುಗಳನ್ನು ತೋಳಿನ ಬಲದಿಂದ ಹೊಡೆಯಲು ಹೋದವರ ಮುಂದೋಳು ಬಿಗಿದುಕೊಳ್ಳದೆ ಇರಲಾರದು. ಸೈಡ್ ಡ್ರಮ್ಮಿನ ಬಿಗಿಯಾದ ಹಾಳೆ ಕಡ್ಡಿಯನ್ನು ತಾನೇ ಹಿಂದಕ್ಕೆ ಚಿಮ್ಮಿಸುತ್ತದೆ, ಆದರೆ ಬಾಸ್ ಡ್ರಮ್ಮಿನ ಅಗಲವಾದ ಹಾಳೆಯೂ ಫೆಲ್ಟ್ ಹೊದಿಸಿದ ದಪ್ಪ ಮ್ಯಾಲೆಟ್ಟೂ ಅಷ್ಟು ಪುಟಿತವನ್ನು ಕೊಡುವುದಿಲ್ಲ. ಆದ್ದರಿಂದ ಮ್ಯಾಲೆಟ್ಟನ್ನು ಹಿಂದಕ್ಕೆ ತರುವ ಕೆಲಸದ ದೊಡ್ಡ ಪಾಲು ಕೈಯ ಮೇಲೆಯೇ ಬೀಳುತ್ತದೆ. ದುರ್ಬಲವಾದ ಕೈ ಹೊಡೆಯುವುದರಲ್ಲಿ ಸೋಲುವುದು ಕಡಿಮೆ. ಅದು ಸೋಲುವುದು ಹಿಂದಕ್ಕೆ ಬರುವುದರಲ್ಲಿ. ಪೆಟ್ಟು ಬಿದ್ದ ಮೇಲೆ ಮ್ಯಾಲೆಟ್ ಒಂದು ಕ್ಷಣ ಮುಖದ ಬಳಿಯೇ ಉಳಿಯುತ್ತದೆ, ಮುಂದಿನ ಪೆಟ್ಟು ಕಡಿಮೆ ದೂರದಿಂದ ಹೊರಡುವುದರಿಂದ ಮೆತ್ತಗಾಗುತ್ತದೆ, ಅದನ್ನು ಸರಿದೂಗಿಸಲು ಹಿಡಿತ ಬಿಗಿಯಾಗುತ್ತದೆ, ಬಿಗಿಯಾದ ಹಿಡಿತ ಮುಂದಿನ ಪೆಟ್ಟನ್ನು ತಡಮಾಡುತ್ತದೆ.

ಪೆಟ್ಟಿನ ಚಲನೆ ಮುಂದೋಳಿನ ತಿರುವಿನಿಂದ ಬರಬೇಕು, ಬಾಗಿಲಿನ ಗುಂಡುಹಿಡಿಯನ್ನು ತಿರುಗಿಸಿದ ಹಾಗೆ. ಮೊಣಕೈ ರೆಕ್ಕೆಯಂತೆ ಹೊರಗೆ ಹಾರುತ್ತಿದ್ದರೆ ತೋಳು ಮಣಿಕಟ್ಟಿನ ಕೆಲಸವನ್ನು ಮಾಡುತ್ತಿದೆ ಎಂದು ತಿಳಿಯಿರಿ. ಹೆಬ್ಬೆರಳು ಮತ್ತು ತೋರುಬೆರಳು ಮ್ಯಾಲೆಟ್ಟನ್ನು ಹಿಡಿದಿರಲಿ, ಉಳಿದ ಬೆರಳುಗಳು ಅದನ್ನು ಸುತ್ತಿಕೊಂಡಿರಲಿ, ಹಿಸುಕದಿರಲಿ. ನಿಮ್ಮ ಎರಡು ಕೈಗಳು ಡ್ರಮ್ಮಿನ ಎರಡು ಬದಿಗಳಲ್ಲಿರುವುದರಿಂದ ಅವೆರಡನ್ನೂ ನೀವು ಏಕಕಾಲಕ್ಕೆ ಸರಿಯಾಗಿ ನೋಡಲಾರಿರಿ. ಹಾಗಾಗಿ ಎದುರಿಗೆ ನಿಲುವುಗನ್ನಡಿಯನ್ನೋ ಮೊಬೈಲ್ ಕ್ಯಾಮೆರಾವನ್ನೋ ಇಟ್ಟುಕೊಂಡು, ಬಲಗೈಯ ಚಲನೆ ಎಡಗೈಯಲ್ಲಿ ಕನ್ನಡಿಬಿಂಬದಂತೆ ಕಾಣುತ್ತಿದೆಯೇ ಎಂದು ನೋಡಿಕೊಳ್ಳಿ.

ಅಭ್ಯಾಸವನ್ನು ನಿಮಿಷಕ್ಕೆ 60 ತಾಳದ ಮೆಟ್ರೊನೋಮ್ (ಸಮವೇಗದಲ್ಲಿ ಟಿಕ್ ಟಿಕ್ ಎಂದು ತಾಳ ಹಾಕುವ ಸಾಧನ) ಹಾಕಿಕೊಂಡು, ತಾಳಕ್ಕೆ ಎರಡು ಪೆಟ್ಟುಗಳಂತೆ ಆರಂಭಿಸಿ. ಬಲಗೈಯಲ್ಲಿ 8 ಪೆಟ್ಟು, ಬಳಿಕ ಎಡಗೈಯಲ್ಲಿ 16. ಇಲ್ಲಿ ಬಲಗೈ ಮಾದರಿಯನ್ನು ಕೇಳಿಸಲು ಮಾತ್ರ ಇದೆ. ಮೊದಲು 3 ಅಂಗುಲದ ಎತ್ತರದಿಂದ (ಎಂದರೆ ಡ್ರಮ್ಮಿನ ಮುಖದಿಂದ ಅಷ್ಟು ದೂರದಿಂದ) ನುಡಿಸಿ, ಅದು ಸಮವಾದ ಮೇಲೆ 6, ಆಮೇಲೆ 9 ಅಂಗುಲಕ್ಕೆ ಹೋಗಿ. ಎಲ್ಲರೂ ಮೊದಲೇ ಜೋರಾಗಿ ನುಡಿಸಲು ಹೊರಡುತ್ತಾರೆ, ಆದರೆ ಸಣ್ಣ ಎತ್ತರದಲ್ಲಿ ಸಮನಾಗಿ ನುಡಿಸುವುದೇ ಕಷ್ಟ. ಹತೋಟಿ ಹುಟ್ಟುವುದೂ ಅಲ್ಲಿಯೇ. ನಂತರ ಎಡಗೈಯಲ್ಲಿ 9 ಅಂಗುಲದಿಂದ ಒಂದು ಗಟ್ಟಿ ಪೆಟ್ಟು, ಬೆನ್ನಿಗೇ 3 ಅಂಗುಲದಿಂದ ಮೂರು ಮೆತ್ತನೆಯ ಪೆಟ್ಟುಗಳನ್ನು ನುಡಿಸಿ. ಗಟ್ಟಿ ಪೆಟ್ಟಿನ ಬಳಿಕ ಮ್ಯಾಲೆಟ್ಟನ್ನು ಮುಖದ ಹತ್ತಿರವೇ ತಡೆದು ನಿಲ್ಲಿಸುವುದು ಇದರ ಕಠಿಣ ಭಾಗ. ಆ ಒತ್ತನ್ನು ಎರಡನೆಯ, ಮೂರನೆಯ, ನಾಲ್ಕನೆಯ ಪೆಟ್ಟಿಗೆ ಸರಿಸುತ್ತಾ ಹೋಗಿ. ಎಡ-ಎಡ, ಬಲ-ಬಲ ಎಂಬ ಜೋಡಿ ಪೆಟ್ಟುಗಳಲ್ಲಿ ಎರಡನೆಯದು ಕುಗ್ಗುವುದು ಸಾಮಾನ್ಯವಾದ್ದರಿಂದ ಕೆಲವು ದಿನ ಬೇಕೆಂದೇ ಎರಡನೆಯದಕ್ಕೆ ಒತ್ತು ಕೊಡಿ. ಒಂದು ವೇಗದಲ್ಲಿ ಕೈ ಸಡಿಲವಾಗಿಯೇ ಉಳಿದರೆ ಮಾತ್ರ ಮೆಟ್ರೊನೋಮನ್ನು 4 ಅಂಕೆಗಳಷ್ಟು ಏರಿಸಿ. ಬಿಗಿತ ಕಂಡ ಕೂಡಲೇ ಹಿಂದಿನ ವೇಗಕ್ಕೆ ಇಳಿಯಿರಿ.

ತಡವಾಗುವುದರ ಕಾರಣ ಬೇರೆ. ಬಲಗೈಯಿಂದ ಆರಂಭವಾಗುವ ನಡೆಗಳಲ್ಲಿ ತಾಳದ ಮೇಲೆ ಬೀಳುವುದು ಬಲಗೈ, ಎಡಗೈಯ ಪಾಲಿಗೆ ಬರುವುದು ನಡುವಿನ ಪೆಟ್ಟುಗಳು. ಹೀಗೆ ಅದು ಬಲಗೈಯನ್ನು ಹಿಂಬಾಲಿಸುವುದನ್ನಷ್ಟೇ ಕಲಿತಿರುತ್ತದೆ, ಸ್ವತಃ ಕಾಲವನ್ನು ಹಿಡಿಯುವುದನ್ನು ಕಲಿತಿರುವುದಿಲ್ಲ. ಇದಕ್ಕೆ ನಮ್ಮ ಸೊಲ್ಲುಕಟ್ಟುಗಳಿಗಿಂತ (ಬಾಯಲ್ಲಿ ಹೇಳುವ ಲಯದ ಅಕ್ಷರಗಳಿಗಿಂತ) ಒಳ್ಳೆಯ ಸಾಧನ ನನಗೆ ಕಂಡಿಲ್ಲ. ಬಾಯಲ್ಲಿ ‘ತಕಧಿಮಿ’ ಹೇಳುತ್ತಾ ‘ತ’ ಮತ್ತು ‘ಧಿ’ಗಳನ್ನು ಬಲಗೈಗೂ ‘ಕ’ ಮತ್ತು ‘ಮಿ’ಗಳನ್ನು ಎಡಗೈಗೂ ಕೊಟ್ಟು ನುಡಿಸಿ. ಆಮೇಲೆ ಸೊಲ್ಲನ್ನು ನಿಲ್ಲಿಸದೆ ಬಲಗೈಯನ್ನು ಮಾತ್ರ ನಿಲ್ಲಿಸಿ. ಈಗ ಎಡಗೈ ಒಂಟಿಯಾಗಿ ಎಲ್ಲಿ ಬೀಳುತ್ತಿದೆ ಎಂಬುದು ಸ್ಪಷ್ಟವಾಗಿ ಕೇಳುತ್ತದೆ. ಬಹಳ ಜನರಿಗೆ ಅದು ಮೊದಲ ಸಲ ಕೇಳುವುದೇ ಹೀಗೆ. ಮುಂದಿನ ಹೆಜ್ಜೆಯಾಗಿ ತಿಶ್ರಗತಿಯಲ್ಲಿ, ಎಂದರೆ ಮೂರು ಮೂರರ ನಡೆಯಲ್ಲಿ, ‘ತಕಿಟ ತಕಿಟ’ ಎನ್ನುತ್ತಾ ಕೈಗಳನ್ನು ಬದಲಿಸುತ್ತಾ ಹೋಗಿ: ಬಲ-ಎಡ-ಬಲ, ಎಡ-ಬಲ-ಎಡ. ಪ್ರತಿ ಎರಡನೆಯ ‘ತ’ ಎಡಗೈಗೆ ಬರುವುದರಿಂದ ತಾಳವನ್ನು ಹೊರುವ ಹೊಣೆ ಎರಡು ಕೈಗಳಿಗೂ ಹಂಚಿಹೋಗುತ್ತದೆ. ಅದೂ ನೆಲೆಗೊಂಡ ಮೇಲೆ ನಿಮ್ಮ ಹೊಸ ಪಾಠವನ್ನೇ ಕೈಗಳನ್ನು ತಿರುವುಮುರುವು ಮಾಡಿ, ಎಡಗೈಯಿಂದ ಆರಂಭಿಸಿ ನುಡಿಸಿ. ಇವೆಲ್ಲವನ್ನೂ ನಿಂತಲ್ಲೇ ಹೆಜ್ಜೆ ಹಾಕುತ್ತಾ ಮಾಡುವುದು ಒಳ್ಳೆಯದು, ಏಕೆಂದರೆ ನಡಿಗೆ ಎಡಗಾಲಿನಿಂದ ಹೊರಡುತ್ತದೆ, ಕೂತು ಕಲಿತ ಪಾಠ ನಡೆಯುವಾಗ ಕೆಡುತ್ತದೆ.

ಡಂಬೆಲ್‌ನಿಂದ ಭುಜ ಮತ್ತು ಬೆನ್ನಿಗೆ ಅನುಕೂಲವಿದೆ, ಹಾರ್ನೆಸ್ಸಿನ ಭಾರ ಬೀಳುವುದು ಅಲ್ಲಿಯೇ. ಎಡಗೈಯ ಲಯ ಅದರಿಂದ ಸುಧಾರಿಸುವುದಿಲ್ಲ. ಎಡಗೈಯಲ್ಲಿ ಊಟ ಮಾಡಿದರೆ ಎಡಗೈ ಊಟ ಮಾಡುವುದನ್ನು ಕಲಿಯುತ್ತದೆ, ಅಷ್ಟೇ. ಅದಕ್ಕಾಗಿ ಮನೆಯ ಹಿರಿಯರ ಕೋಪವನ್ನು ಕಟ್ಟಿಕೊಳ್ಳಬೇಕಾಗಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷಗಳ ಗಮನವಿಟ್ಟ ಅಭ್ಯಾಸ ಭಾನುವಾರದ ಮೂರು ಗಂಟೆಗಿಂತ ಮೇಲು. ದಣಿವು ಸಹಜ, ಆದರೆ ಚುಚ್ಚುವಂಥ ನೋವು ಅಥವಾ ಬೆರಳುಗಳಲ್ಲಿ ಜೋಮು ಕಂಡರೆ ನಿಲ್ಲಿಸಿ. ವಿಶ್ರಾಂತಿಯಿಂದಲೂ ಹೋಗದಿದ್ದರೆ ವೈದ್ಯರನ್ನು ಕಾಣಿರಿ.

ಪ್ರಶ್ನೆ: ನಮ್ಮದು ಅಪಾರ್ಟ್‌ಮೆಂಟ್. ಮಗ ಬಾಸ್ ಡ್ರಮ್ಮಿನ ಅಭ್ಯಾಸವನ್ನು ದಿಂಬಿನ ಮೇಲೆ ಮಾಡುತ್ತಾನೆ. ಅದರಿಂದ ಪ್ರಯೋಜನವಿದೆಯೇ?
— ಗೃಹಿಣಿ, ಬನಶಂಕರಿ

ಉತ್ತರ: ದಿಂಬು ಏನನ್ನೂ ಹಿಂದಕ್ಕೆ ಚಿಮ್ಮಿಸದ ಕಾರಣ ಮ್ಯಾಲೆಟ್ಟನ್ನು ಎತ್ತುವ ಸ್ನಾಯುಗಳಿಗೆ ಒಳ್ಳೆಯ ಕೆಲಸ ಸಿಗುತ್ತದೆ, ಆದ್ದರಿಂದ ಕೆಲವು ನಿಮಿಷಗಳ ಮಟ್ಟಿಗೆ ಅದು ಉಪಯುಕ್ತ. ಅದರಲ್ಲೇ ಮುಳುಗಿದರೆ ಕೈ ಬಿಗಿಯಾಗುತ್ತದೆ. ಅಲ್ಲದೆ ಬಾಸ್ ಡ್ರಮ್ಮಿನ ಮುಖಗಳು ನೆಟ್ಟಗೆ ನಿಂತಿರುತ್ತವೆ, ದಿಂಬು ಮಲಗಿರುತ್ತದೆ. ಮೇಲಿನಿಂದ ಕೆಳಕ್ಕೆ ಹೊಡೆಯುವ ಚಲನೆ ಪಕ್ಕದಿಂದ ಹೊಡೆಯುವ ಚಲನೆಗೆ ಸಮನಲ್ಲ. ಒಂದು ಹಲಗೆಯ ಎರಡೂ ಬದಿಗೆ ದಪ್ಪ ರಬ್ಬರ್ ಹಾಳೆಯನ್ನೋ ಹಳೆಯ ಯೋಗಾ ಮ್ಯಾಟಿನ ತುಂಡನ್ನೋ ಅಂಟಿಸಿ, ಸೊಂಟದ ಎತ್ತರದಲ್ಲಿ ನೆಟ್ಟಗೆ ನಿಲ್ಲುವಂತೆ ಮೇಜಿಗೆ ಬಿಗಿದರೆ ಸದ್ದೂ ಕಡಿಮೆ, ಕೈಗಳ ಸ್ಥಾನವೂ ಬಹುಮಟ್ಟಿಗೆ ಸರಿ. ನಾದದ ಸಮತೆಯನ್ನು ಮಾತ್ರ ಡ್ರಮ್ಮಿನ ಮೇಲೆಯೇ ಕೇಳಿ ತಿದ್ದಿಕೊಳ್ಳಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಶಬ್ದಮಾಲಿನ್ಯದ ನಿಯಮಗಳ ನಿರ್ಬಂಧವಿರುವುದರಿಂದ ನಿಜವಾದ ಡ್ರಮ್ಮಿನ ಅಭ್ಯಾಸ ಹಗಲಿನಲ್ಲಿ, ಶಾಲೆಯ ಮೈದಾನದಲ್ಲಿ ನಡೆಯಲಿ. ಕಿವಿಗೆ ಇಯರ್‌ಪ್ಲಗ್ ಇರಲಿ.

ಪ್ರಶ್ನೆ: ನನ್ನ ತಂಗಿ ಎಡಚಿ. ಅವಳಿಗೆ ಬಾಸ್ ಡ್ರಮ್ ಕಲಿಸಬಹುದೇ?
— ಓದುಗ, ಮಲ್ಲೇಶ್ವರ

ಉತ್ತರ: ಧಾರಾಳವಾಗಿ ಕಲಿಸಬಹುದು. ವಾದ್ಯದ ಎರಡು ಬದಿಗಳೂ ಒಂದೇ ರೀತಿ ಇರುವುದರಿಂದ ಇದರಲ್ಲಿ ಎಡಚರಿಗೆ ಯಾವ ತೊಡಕೂ ಇಲ್ಲ. ಒಂದೇ ಬಾಸ್ ಡ್ರಮ್ ಇರುವ ಶಾಲಾ ಬ್ಯಾಂಡಿನಲ್ಲಿ ಮಾಸ್ಟರ್ ಒಪ್ಪಿದರೆ ಮುಖ್ಯ ಪೆಟ್ಟನ್ನು ಅವಳು ಎಡಗೈಯಲ್ಲೇ ಹಾಕಲಿ. ಹಲವು ಬಾಸ್ ಡ್ರಮ್ಮುಗಳು ಸಾಲಾಗಿ ನಿಲ್ಲುವ ತಂಡಗಳಲ್ಲಾದರೆ ಎಲ್ಲರ ಕೈಗಳೂ ಒಂದೇ ಕ್ರಮದಲ್ಲಿ ಏಳಬೇಕಾಗುತ್ತದೆ, ಆಗ ಅವಳೂ ಬಲಗೈಯಿಂದಲೇ ಆರಂಭಿಸಬೇಕು. ಮೇಲೆ ಹೇಳಿದ ಅಭ್ಯಾಸಗಳಲ್ಲಿ ‘ಎಡ’ ಎಂದಿರುವಲ್ಲೆಲ್ಲ ಅವಳು ‘ಬಲ’ ಎಂದೂ ‘ಬಲ’ ಎಂದಿರುವಲ್ಲೆಲ್ಲ ‘ಎಡ’ ಎಂದೂ ಓದಿಕೊಂಡರೆ ಸಾಕು.